ಯೆಸೆನಿಯಾಳ ಆಟದ ಮೆಟ್ಟಿಲು ಎಲ್ಲಿಯವರೆಗೆ ಬಂತು?

ನವೆಂಬರ್ ಮುಗಿಯುತ್ತ ಬಂದರೆ ಕೊಲಂಬಿಯಾ ದೇಶದ ಮೆದೆಯಿನ್ ನಗರದ ಗುಡ್ಡದ ಕೇರಿಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಚೀಟಿ ದುಡ್ಡು ಯಾವತ್ತು ಹಂಚುತ್ತಾರೆ? ವರ್ಷವಿಡೀ ವಾರವಾರ ಕಟ್ಟಿದ ಪೆಸೊ ಡಿಸೆಂಬರ್ ಹುಟ್ಟುತ್ತಲೇ ಬಡ್ಡಿಸಮೇತ ಕೈಗೆ ಬರಬೇಕು. ಮಕ್ಕಳ ಹೊಸ ಬಟ್ಟೆ, ಹಬ್ಬದ ನತಿಯಾ ಸಿಹಿ, ಕರಿದ ಚೀಸ್ ಉಂಡೆ, ಎಲ್ಲ ಅದರಲ್ಲೇ ಆಗಬೇಕು. ಮೇಲಿನ ಕೇರಿಯಲ್ಲಿ ಈ ಚೀಟಿ ನಡೆಸುವವಳು ಡೊರಾಲ್ಬಾ, ಮರ್ಯಾದೆಗೆ ಎಲ್ಲರೂ ದೋನ್ಯಾ ಡೊರಾಲ್ಬಾ ಅನ್ನುತ್ತಾರೆ. ಇಷ್ಟು ವರ್ಷದಲ್ಲಿ ಆಕೆಯ ಕೈಯಲ್ಲಿ ಒಂದು ಪೆಸೊ ಆಚೀಚೆ ಆದದ್ದಿಲ್ಲ. ಆಕೆ ಬಂದರೆ ಜನ ಕುರ್ಚಿ ಎಳೆದು ಕೂರಿಸುತ್ತಿದ್ದರು.

ಅಂಥ ಡೊರಾಲ್ಬಾ ಈ ಸಲ ಹಿಂದಿನ ಓಣಿಯಿಂದ ಕಳ್ಳಹೆಜ್ಜೆ ಇಟ್ಟು ಮನೆ ಸೇರುತ್ತಿದ್ದಳು. ಚೀಟಿ ದುಡ್ಡೇನೋ ಭದ್ರವಾಗಿತ್ತು. ಆಕೆಯ ನಿದ್ದೆ ಕೆಡಿಸಿದ್ದು ಮಗಳ ಆಟ.

ಮಗಳು ಯೆಸೆನಿಯಾ ಕಂಪ್ಯೂಟರಿನಲ್ಲಿ ಆಡುವ ಆಟವೊಂದನ್ನು ಮಾಡಲು ಹೊರಟಿದ್ದಳು. ಬೆನ್ನ ಮೇಲೆ ಫ್ರಿಜ್ ಹೊತ್ತು, ಇಲ್ಲಿ ಬೀದಿಯೇ ಆಗಿರುವ ಈ ಗುಡ್ಡದ ಮೆಟ್ಟಿಲು ಹತ್ತುವ ಆಟ. ನಡುವೆ ನಾಯಿ ಅಡ್ಡ ಬರುತ್ತದೆ, ಮಳೆ ಸುರಿಯುತ್ತದೆ, ನೆರೆಯವರು ಬಂದು ಹೆಗಲು ಕೊಡುತ್ತಾರೆ. ಇದನ್ನು ಮಾಡಲು ವರ್ಷದ ಖರ್ಚು ಬೇಕು. ಬ್ಯಾಂಕಿನವರು ಇಂಥದ್ದಕ್ಕೆ ಸಾಲ ಕೊಡುವುದಿಲ್ಲ. ಹಾಗಾಗಿ ಆಕೆ ಇಂಟರ್‌ನೆಟ್‌ನಲ್ಲಿ ತನ್ನ ಯೋಚನೆ ಬರೆದು ಹಾಕಿ, ಇಷ್ಟವಾದವರು ಕೈಲಾದಷ್ಟು ಕೊಡಿ ಎಂದಳು. ಆಟ ಮಾಡುವವರು ಈಗ ಎಲ್ಲ ಕಡೆ ಹೀಗೆ ಕೇಳುತ್ತಾರೆ. ಅರ್ಧ ದುಡ್ಡು ಅಲ್ಲಿ ಹುಟ್ಟಿತು. ಉಳಿದರ್ಧಕ್ಕೆ ಡೊರಾಲ್ಬಾ ತಾನೇ ಮನೆಮನೆ ಹತ್ತಿಳಿದಳು. ಕೊಟ್ಟವರ ಮನೆಬಾಗಿಲು ಆಟದಲ್ಲಿ ಕಾಣುತ್ತದೆಂದು ಮಾತಾಯಿತು.

ಮಗಳು ಬರೆದದ್ದು "ಬಹುಶಃ ಡಿಸೆಂಬರ್ ಹೊತ್ತಿಗೆ" ಎಂದು. ತಾಯಿ ಆ "ಬಹುಶಃ"ವನ್ನು ಮನೆಯಲ್ಲೇ ಬಿಟ್ಟು ಹೊರಟಳು. ಎಲ್ಲರ ಹತ್ತಿರವೂ ಒಂದೇ ಮಾತು ಹೇಳಿದಳು: "ನನ್ನ ಚೀಟಿ ಇದ್ದ ಹಾಗೇ ಕಣಮ್ಮ. ಡಿಸೆಂಬರ್‌ಗೆ ಆಟ ಕೈಗೆ ಬಂದುಬಿಡುತ್ತೆ."

ಜನ ನಂಬಿದರು. ಯಾಕೆ ನಂಬಬಾರದು? ಆಕೆಯ ಚೀಟಿ ಎಂದೂ ತಪ್ಪಿರಲಿಲ್ಲ.

ಈಗ ಡಿಸೆಂಬರ್ ಬಾಗಿಲಲ್ಲಿ ನಿಂತಿತ್ತು, ಆಟ ಅರ್ಧವೂ ಆಗಿರಲಿಲ್ಲ. ಯೆಸೆನಿಯಾಳ ಜೊತೆಗೆ ಚಿತ್ರ ಬರೆಯುತ್ತಿದ್ದ ಹುಡುಗಿ ಬೇರೆ ಕೆಲಸ ಸಿಕ್ಕಿ ಹೋಗಿದ್ದಳು. ಯೆಸೆನಿಯಾ ಊಟ ಬಿಟ್ಟು ಪರದೆಯ ಮುಂದೆ ಕೂತಿದ್ದಳು. ಕೆಲಸ ಸಾಗುತ್ತಿತ್ತು, ನಿಧಾನವಾಗಿ. ನಾಚಿಕೆಯಿಂದ ಯಾರಿಗೂ ಒಂದು ಮಾತು ಬರೆದಿರಲಿಲ್ಲ. ತಾಯಿಯೂ ಬಾಯಿ ಬಿಟ್ಟಿರಲಿಲ್ಲ.

ಮೆಟ್ಟಿಲ ತುದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ದೋನ್ ಒರಾಸಿಯೊಗೆ ಮಾತ್ರ, ತಾನೂ ದುಡ್ಡು ಕೊಟ್ಟಿದ್ದರೂ, ಮೊದಲಿನಿಂದಲೂ ಅನುಮಾನ. ಅವನ ಮನೆ ಅಂಗಡಿಯ ಮೇಲೇ. ಎರಡನೇ ಮಹಡಿಗೆಂದು ಬಿಟ್ಟ ಕಬ್ಬಿಣದ ಸರಳುಗಳು ತಾರಸಿಯ ಮೇಲೆ ಇನ್ನೂ ಚಾಚಿಕೊಂಡಿದ್ದವು. ಒಂದು ದಿನ ಡೊರಾಲ್ಬಾ ಮೊಟ್ಟೆ ಕೊಳ್ಳಲು ಹೋದಾಗ ಚಿಲ್ಲರೆ ಕೊಡುತ್ತ ಮೆಲ್ಲಗೆ ಹೇಳಿದ:

"ದೋನ್ಯಾ ಡೊರಾಲ್ಬಾ, ಆ ದುಡ್ಡು ಕಂಪ್ಯೂಟರ್ ನೋಡಿ ಕೊಟ್ಟಿದ್ದಲ್ಲ. ನಿಮ್ಮ ಮುಖ ನೋಡಿ ಕೊಟ್ಟಿದ್ದು. ಈಗ ನೀವು ಕೊಟ್ಟವರಿಗೆ ಮುಖಾನೇ ತೋರಿಸ್ತಿಲ್ಲ."

ಆಕೆ ಮೊಟ್ಟೆ ಹಿಡಿದು ಮತ್ತೆ ಹಿಂದಿನ ಓಣಿಯಿಂದಲೇ ಮನೆ ಕಡೆ ಹೊರಟಳು. ಈ ಹೆಸರು ಹೋದರೆ ಮುಂದಿನ ವರ್ಷ ತನ್ನ ಚೀಟಿಗೆ ಯಾರು ಸೇರುತ್ತಾರೆ? ಮಗಳು ಈ ಬೀದಿಯಲ್ಲಿ ಹೇಗೆ ತಲೆ ಎತ್ತಿ ಓಡಾಡುತ್ತಾಳೆ?

ಕೊನೆಗೆ ಆಕೆ ಹೋದದ್ದು ಪಕ್ಕದ ಮನೆಯ ವಿಲ್ಮಾರ್ ಹತ್ತಿರ. ಔಷಧಿ ಅಂಗಡಿಯಲ್ಲಿ ಕೆಲಸ, ಆಟಗಳ ಹುಚ್ಚು. ಇಂಥ ಎಷ್ಟೋ ಆಟಗಳಿಗೆ ದುಡ್ಡು ಕೊಟ್ಟು ಕಾದವನು. ಆಕೆಯ ಕೈಗೆ ಬೆಲ್ಲದ ಬಿಸಿನೀರು ಕೊಟ್ಟು, ಇದ್ದದ್ದನ್ನು ಇದ್ದಹಾಗೆ ಹೇಳಿದ. ತಾನು ದುಡ್ಡು ಕೊಟ್ಟವುಗಳಲ್ಲಿ ಕೆಲವು ಬಂದವು, ಹೇಳಿದ ದಿನಕ್ಕೆ ಬಂದದ್ದು ಅಪರೂಪ. ಒಂದಂತೂ ಬಂದಾಗ ಕಾದದ್ದಕ್ಕೂ ಸಾರ್ಥಕ ಅನ್ನಿಸುವಷ್ಟು ಚೆನ್ನಾಗಿತ್ತು. ಇನ್ನು ಕೆಲವು ಬರಲೇ ಇಲ್ಲ, ದುಡ್ಡೂ ವಾಪಸ್ಸಿಲ್ಲ.

"ಹಾಗಾದ್ರೆ ಅವರೆಲ್ಲ ಕಳ್ಳರಾ?" ಎಂದಳು ಡೊರಾಲ್ಬಾ.

"ಒಬ್ಬಿಬ್ಬರು ಇರಬಹುದು. ಹೆಚ್ಚಿನವರು ಲೆಕ್ಕ ತಪ್ಪಿದವರು. ನನಗೆ ಸಿಟ್ಟು ಬರೋದು ತಡ ಮಾಡಿದವರ ಮೇಲಲ್ಲ, ದೋನ್ಯಾ. ಮಾತು ನಿಲ್ಲಿಸಿದವರ ಮೇಲೆ. ಇವತ್ತು ಇಷ್ಟಾಯ್ತು, ಇಲ್ಲಿ ಸಿಕ್ಕಿಕೊಂಡಿದೆ ಅಂತ ತೋರಿಸಿದ್ರೆ ಇನ್ನೊಂದು ವರ್ಷ ಕಾಯ್ತೀನಿ. ನೀವು ತೋರಿಸಿ."

ಶನಿವಾರ ಮಧ್ಯಾಹ್ನ ಚೀಟಿ ಹಂಚಲು ಎಲ್ಲರೂ ಮೆಟ್ಟಿಲ ಮೇಲೆ ಸೇರಿದರು. ದುಡ್ಡು ಹಂಚಿ ಮುಗಿಸಿದ ಮೇಲೆ ಡೊರಾಲ್ಬಾ ಎದ್ದು ನಿಂತಳು. ಆಟ ಈ ಡಿಸೆಂಬರ್‌ಗೆ ಬರುವುದಿಲ್ಲ ಎಂದಳು. ಚೀಟಿ ಇದ್ದ ಹಾಗೆ ಎಂದದ್ದು ತನ್ನದೇ ತಪ್ಪು, ಮಗಳದಲ್ಲ ಎಂದಳು. ಗದ್ದಲ ಎದ್ದಿತು. ಆಟವೇ ಹಬ್ಬದ ಉಡುಗೊರೆ ಆಗುತ್ತದೆಂದು ಮೊಮ್ಮಕ್ಕಳ ಬಟ್ಟೆಯ ದುಡ್ಡನ್ನೇ ಕೊಟ್ಟಿದ್ದ ಒಬ್ಬ ಅಜ್ಜಿ ಅತ್ತುಬಿಟ್ಟಳು. ಡೊರಾಲ್ಬಾ ತನ್ನ ಪಾಲಿನ ಚೀಟಿ ದುಡ್ಡಿನಿಂದ ಆಕೆಯದನ್ನು ಅಲ್ಲೇ ತೀರಿಸಿದಳು. ಎಲ್ಲರಿಗೂ ತೀರಿಸುವ ಶಕ್ತಿ ಆಕೆಗೆ ಇರಲಿಲ್ಲ.

ಯೆಸೆನಿಯಾ ತನ್ನ ಮಡಚುವ ಕಂಪ್ಯೂಟರ್ ತಂದು ದೋನ್ ಒರಾಸಿಯೊನ ಮಡಿಲಲ್ಲಿಟ್ಟಳು. ಅವನು ಮುಖ ಗಂಟಿಕ್ಕಿಕೊಂಡೇ ಗುಂಡಿ ಒತ್ತಿದ. ಫ್ರಿಜ್ ಹೊತ್ತ ಹೆಂಗಸು ಮೆಟ್ಟಿಲು ಹತ್ತಿದಳು. ಬೇಕರಿಯವಳ ಬಾಗಿಲು ಬಂತು, ವಿಲ್ಮಾರನ ಕಿಟಕಿ ಬಂತು. ಹಿಂದೆ ನಿಂತವರು ಹೆಸರು ಹಿಡಿದು ಕೂಗತೊಡಗಿದರು. ಆಮೇಲೆ ಮೆಟ್ಟಿಲು ನಿಂತುಹೋಯಿತು. ಮುಂದೆ ಬರೀ ಬೂದುಬಣ್ಣ.

"ನನ್ನ ಮನೆ ಎಲ್ಲಿ?"

"ಇನ್ನೂ ಕಟ್ಟಿಲ್ಲ, ದೋನ್ ಒರಾಸಿಯೊ," ಎಂದಳು ಯೆಸೆನಿಯಾ.

ಅವನು ತಲೆಯೆತ್ತಿ ತನ್ನ ತಾರಸಿಯ ಸರಳುಗಳನ್ನು ನೋಡಿದ. ಈ ಗುಡ್ಡದ ಮನೆಗಳೆಲ್ಲ ಎದ್ದದ್ದು ನೆರೆಯವರ ಹೆಗಲ ಮೇಲೆ. ತಾರಸಿ ಹಾಕುವ ಭಾನುವಾರ ಬಂದರೆ ಒಬ್ಬರು ಮರಳು ಕೊಡುತ್ತಾರೆ, ಒಬ್ಬರು ಸಿಮೆಂಟು ಹೊರುತ್ತಾರೆ, ದೊಡ್ಡ ಹಂಡೆಯಲ್ಲಿ ಸಾರು ಕುದಿಯುತ್ತದೆ. ಅವನ ತಾರಸಿಗೂ ಡೊರಾಲ್ಬಾ ಬಕೆಟ್ ಹೊತ್ತಿದ್ದಳು, ಹೊಟ್ಟೆಯಲ್ಲಿ ಯೆಸೆನಿಯಾಳನ್ನು ಇಟ್ಟುಕೊಂಡು.

"ಇದು ಚೀಟಿ ಅಲ್ಲ ದೋನ್ಯಾ," ಎಂದ ಅವನು. "ಇದು ತಾರಸಿ. ಹಾಗಂತ ಮೊದಲೇ ಹೇಳಿದ್ದಿದ್ರೆ ನಾವು ತಾರಸಿಗೆ ಕೊಡೋಷ್ಟೇ ಕೊಡ್ತಿದ್ವಿ, ಹಾಗೇ ಕಾಯ್ತಿದ್ವಿ. ಕೊಟ್ಟ ಮರಳನ್ನ ಯಾರೂ ವಾಪಸ್ ಕೇಳಲ್ಲ. ಆದ್ರೆ ಗೋಡೆ ಏಳ್ತಿದೆಯಾ ಅಂತ ದಿನಾ ನೋಡ್ತಾರೆ." ಆಮೇಲೆ ಯೆಸೆನಿಯಾಳ ಕಡೆ ತಿರುಗಿ, "ತಿಂಗಳಿಗೊಂದು ಸಲ ಅಂಗಡಿಗೆ ಬಂದು ತೋರಿಸು, ಮಗಳೇ. ಹೆಚ್ಚು ಆಗದಿದ್ರೂ ಬಾ," ಎಂದ.

ಸಿಟ್ಟು ಇಳಿಯದೆ ಹೋದವರೂ ಇದ್ದರು. ಆದರೂ ಅಂದು ಡೊರಾಲ್ಬಾ ಎಷ್ಟೋ ದಿನಗಳ ಮೇಲೆ ಹಿಂದಿನ ಓಣಿ ಬಿಟ್ಟು ಮುಂದಿನ ಮೆಟ್ಟಿಲಿನಿಂದಲೇ ಮನೆಗೆ ಹೋದಳು. ಯೆಸೆನಿಯಾ ತಿಂಗಳು ತಪ್ಪದೆ ಅಂಗಡಿಗೆ ಬರುತ್ತಿದ್ದಾಳೆ. ಆಟ ಇನ್ನೂ ಮುಗಿದಿಲ್ಲ, ಮುಗಿದೇ ಮುಗಿಯುತ್ತದೆ ಎಂದು ನಾವು ಹೇಳುವುದೂ ಇಲ್ಲ. ಮೆಟ್ಟಿಲು ಈಗ ದೋನ್ ಒರಾಸಿಯೊನ ಮನೆಯ ತಿರುವಿನವರೆಗೆ ಬಂದಿದೆ.

ಅಣ್ಣಂದಿರೇ, ಅಕ್ಕಂದಿರೇ, ನಾಳೆ ನಿಮ್ಮ ಮಕ್ಕಳೂ ಇಂಥ ಆಟವೊಂದಕ್ಕೆ ದುಡ್ಡು ಕೊಡೋಣ ಎಂದಾರು. ಬೈಯಬೇಡಿ, ಕಣ್ಣುಮುಚ್ಚಿ ಕೊಡಲೂಬೇಡಿ. ನೀವು ಸಾಮಾನು ಕೊಳ್ಳುತ್ತಿಲ್ಲ, ಒಬ್ಬರ ಕೆಲಸಕ್ಕೆ ಹೆಗಲು ಕೊಡುತ್ತಿದ್ದೀರಿ. ದುಡ್ಡು ಹೋದರೂ ಅಡುಗೆಮನೆಗೆ ತಟ್ಟದಷ್ಟೇ ಕೊಡಿ. ಮಾಡುವವರು ಹಿಂದೆ ಏನು ಮಾಡಿ ಮುಗಿಸಿದ್ದಾರೆಂದು ವಿಚಾರಿಸಿ. ಕೇಳುವವರು ನೀವಾದರೆ ಆ "ಬಹುಶಃ" ಎಂಬ ಮಾತನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ, ತಡವಾದರೆ ಮುಖ ಮರೆಸಬೇಡಿ. ಮತ್ತು ಯಾರೇ ಬಂದು ಕೈಚಾಚಲಿ, ಎಷ್ಟೇ ಬೇಕಾದವರಾಗಿರಲಿ, ಜೇಬಿಗೆ ಕೈ ಹಾಕುವ ಮೊದಲು ಒಂದು ಮಾತು ಕೇಳಿ: ಮೆಟ್ಟಿಲು ಎಲ್ಲಿಯವರೆಗೆ ಬಂದಿದೆ, ಸ್ವಲ್ಪ ತೋರಿಸ್ತೀರಾ?