ಪಲೋಮಾಳ ಪದ್ರೀನೊ

ನನ್ನ ಗಂಡ ಎಲ್ಮೆರ್ ಕುಳ್ಳ. ಆದರೂ ಕೋಮಾಸ್ ಗುಡ್ಡದ ನಮ್ಮ ಬೀದಿಯಲ್ಲಿ ಅವನನ್ನು ಎಲ್ಲರೂ ಲಾರ್ಗೊ ಎಂದೇ ಕರೆಯುತ್ತಿದ್ದರು. ಲಾರ್ಗೊ ಎಂದರೆ ಉದ್ದನೆಯವನು. ಆ ಉದ್ದ ಅವನ ಬಂದೂಕಿನದು. ಐದೈದು ಜನರ ಎರಡು ತಂಡಗಳು ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟವೊಂದಿದೆಯಲ್ಲ, ಅದರಲ್ಲಿ ತಂಡಕ್ಕೊಂದೇ ಉದ್ದ ಬಂದೂಕು ಎಂಬುದು ನಮ್ಮ ಬೀದಿಯ ಕಟ್ಟಳೆ. ಅದನ್ನು ಹಿಡಿದವನು ದೂರದ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕಾಯಬೇಕು, ಎದುರಾಳಿಯ ತಲೆ ಇಣುಕಿದ ಕ್ಷಣವೇ ಒತ್ತಬೇಕು. ಹಿಡಿದವನು ತಾನಾಗಿ ಕೊಡುವವರೆಗೆ ಅದನ್ನು ಯಾರೂ ಕೇಳುವಂತಿಲ್ಲ.

ಹಗಲೆಲ್ಲ ಮೋಟೋಟ್ಯಾಕ್ಸಿ ಓಡಿಸಿ, ಪೊಲೀಸರಿಂದಲೂ ಪ್ರಯಾಣಿಕರಿಂದಲೂ ಬೈಸಿಕೊಂಡು ಬರುವ ಮನುಷ್ಯ ಅವನು. ಸಂಜೆ ನನ್ನ ಕಬೀನಾದ ಹೊಸ್ತಿಲು ದಾಟಿದನೋ ಇಲ್ಲವೋ, ಕಂಪ್ಯೂಟರುಗಳ ಮುಂದೆ ಕೂತವರೆಲ್ಲ "ಬಂದ ನೋಡ್ರೋ ಲಾರ್ಗೊ!" ಎಂದು ಕೂಗುತ್ತಿದ್ದರು. ಆಗ ಅವನ ಎದೆ ಹಿಗ್ಗುವುದನ್ನು ನೋಡಬೇಕಿತ್ತು. ಕಬೀನಾ ನನ್ನದು. ಮನೆಯ ಮುಂದಿನ ಕೋಣೆಯಲ್ಲೇ ಹಾಕಿಕೊಂಡ ಬಾಡಿಗೆ ಕಂಪ್ಯೂಟರುಗಳ ಅಂಗಡಿ. ಕಿಟಕಿ ಪಕ್ಕದ ಮೂರನೆಯದು ಎಲ್ಮೆರ್‌ನದು, ಅದರಲ್ಲಿ ಬೇರೆಯವರು ಕೂತರೆ ನಾನೇ ಎಬ್ಬಿಸುತ್ತಿದ್ದೆ.

ಹೀಗೆ ಸುಖವಾಗಿದ್ದಾಗ ಬೀದಿಯ ಚೀಟಿಯಲ್ಲಿ ಗ್ರಿಮಾಲ್ದೊನ ಹೆಸರು ಮೊದಲು ಬಂತು. ನಮ್ಮದು ಕೊನೆಗೆ.

ಗ್ರಿಮಾಲ್ದೊ ನಮ್ಮ ಕೊಂಪಾದ್ರೆ. ನನ್ನ ಮಗಳಿಗೆ ಜ್ಞಾನಸ್ನಾನ ಮಾಡಿಸುವಾಗ ಪಾದ್ರಿಯ ಮುಂದೆ ಎತ್ತಿಕೊಂಡು ನಿಂತ ಪದ್ರೀನೊ ಅವನು. ಆ ಸಂಬಂಧ ಒಡಹುಟ್ಟಿದವರ ಸಂಬಂಧಕ್ಕಿಂತ ಬಿಗಿ. ನಮ್ಮ ತಂಡದಲ್ಲೂ ಅವನಿದ್ದ, ಸಣ್ಣ ಬಂದೂಕು ಹಿಡಿದು ಮುಂದೆ ನುಗ್ಗುವವನು. ಆಳು ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಮಾತು ಮಾತ್ರ ತೀರಾ ಕಡಿಮೆ. ಚೀಟಿ ಎತ್ತಿದವನು ನೇರ ಪೇಟೆಗೆ ಹೋಗಿ ಹೊಸ ಕಂಪ್ಯೂಟರನ್ನೂ ಸೆಕೆಂಡಿಗೆ ನೂರನಲವತ್ತನಾಲ್ಕು ಸಲ ಚಿತ್ರ ಬದಲಿಸುವ ಮಾನಿಟರನ್ನೂ ತಂದ. ನನ್ನ ಕಬೀನಾದ ಪರದೆಗಳು ಏದುಸಿರು ಬಿಡುತ್ತ ಅರವತ್ತು ಮುಟ್ಟುತ್ತವೆ.

ಸುದ್ದಿ ಕೇಳಿದ ದಿನ ಎಲ್ಮೆರ್ ಊಟ ಬಿಟ್ಟ.

"ಅವನಿಗ್ಯಾಕೆ ಬೇಕಿತ್ತು ಅಂತೀನಿ! ಮುಂದೆ ಓಡೋನಿಗೆ ಅಷ್ಟು ಫ್ರೇಮು ಇಟ್ಕೊಂಡು ಏನ್ ಮಾಡ್ತಾನೆ? ಉಪ್ಪಿನಕಾಯಿ ಹಾಕ್ತಾನಾ?"

"ಹೊಟ್ಟೆ ಉರೀತಿದ್ಯಾ?" ಅಂದೆ.

"ನಂಗಾ? ನಂಗ್ಯಾಕೆ ಉರೀಬೇಕು? ನನ್ ಕೊಂಪಾ ಅವನು. ಖುಷಿ ನಂಗೆ!" ಎಂದು ತಟ್ಟೆಯನ್ನು ಎಷ್ಟು ಜೋರಾಗಿ ತಳ್ಳಿದನೆಂದರೆ ಸೂಪಿನಲ್ಲಿದ್ದ ಆಲೂಗಡ್ಡೆ ನೆಲಕ್ಕೆ ಬಿತ್ತು. ಅಂಥ ಖುಷಿ.

ಅವನ ಭಯ ನನಗೆ ಗೊತ್ತಿತ್ತು. ಅಂಥ ಪರದೆಯಲ್ಲಿ ಎದುರಾಳಿಯ ತಲೆ ಒಂದು ಗಳಿಗೆ ಮೊದಲೇ ಕಾಣುತ್ತದೆ. ಇವತ್ತಲ್ಲ ನಾಳೆ ತಂಡದವರೆಲ್ಲ ಉದ್ದ ಬಂದೂಕಿಗಾಗಿ ಗ್ರಿಮಾಲ್ದೊನ ಕಡೆ ನೋಡುತ್ತಾರೆ. ಆಮೇಲೆ ನನ್ನ ಗಂಡ ಬರೀ ಎಲ್ಮೆರ್.

ಮಾರನೆಯ ಸಂಜೆ ಗ್ರಿಮಾಲ್ದೊ ಹೆಂಡತಿ ನೀಲ್ದಾಳನ್ನು ಕರೆದುಕೊಂಡು ಮನೆಗೆ ಬಂದ. ಕೈಯಲ್ಲೊಂದು ದೊಡ್ಡ ಕೇಕು. ನಮ್ಮಲ್ಲಿ ಬಸ್ಸು ಕೊಂಡರೂ ಅಂಗಡಿ ಹಾಕಿದರೂ ಅದಕ್ಕೊಬ್ಬ ಪದ್ರೀನೊ ಬೇಕು. ಅವನು ಬಾಟಲಿ ಒಡೆದು, ಹೆಸರಿಟ್ಟು, ಮೊದಲ ಕೈ ಹಾಕಬೇಕು. ಗ್ರಿಮಾಲ್ದೊ ನೆಲ ನೋಡುತ್ತ, "ಕೊಂಪಾ, ಕಂಪ್ಯೂಟರ್‌ಗೆ ನೀನೇ ಪದ್ರೀನೊ ಆಗ್ಬೇಕು. ಆ ಸೆಟ್ಟಿಂಗ್ ಗಿಟ್ಟಿಂಗ್ ಎಲ್ಲಾ ನಂಗೆ ಬರಲ್ಲ. ನಿನ್ ಕೈ ಒಳ್ಳೇದು" ಅಂದ.

ಕೊಂಪಾದ್ರೆ ಕೇಳಿದ ಮೇಲೆ ಇಲ್ಲವೆನ್ನುವ ಹಾಗಿಲ್ಲ. ಎಲ್ಮೆರ್ ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

ಭಾನುವಾರ ಅವರ ಮನೆಯಲ್ಲಿ ಬೀದಿಗೆ ಬೀದಿಯೇ ಸೇರಿತ್ತು. ರಿಬ್ಬನ್ನಿಗೆ ಕಟ್ಟಿದ ಪುಟ್ಟ ಬಾಟಲಿಯನ್ನು ಎಲ್ಮೆರ್ ಸುತ್ತಿಗೆಯಿಂದ ಬಕೀಟಿನೊಳಕ್ಕೆ ಒಡೆದ, "ಪಲೋಮಾ" ಎಂದು ಹೆಸರಿಟ್ಟ, ಪಾರಿವಾಳದ ಹಾಗೆ ಹಾರಲಿ ಎಂದು ಹರಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಪರದೆಯ ಮುಂದೆ ಕುಳಿತು ಸೆಟ್ಟಿಂಗ್ ತೆರೆದ. ನಾನು ಅವನ ಬೆನ್ನಿಗೇ ನಿಂತಿದ್ದೆ.

ಮಾನಿಟರಿನ ವೇಗವನ್ನು ಅವನು ಅರವತ್ತರಲ್ಲೇ ಬಿಟ್ಟ. ನೆರಳು, ನೀರು, ಹೊಗೆ, ಹುಲ್ಲು, ಎಲ್ಲವನ್ನೂ ತುತ್ತತುದಿಗೆ ಏರಿಸಿದ. ಕೊನೆಗೆ ವಿ-ಸಿಂಕ್ ಎಂಬುದರ ಮೇಲೆ ಒತ್ತಿದ. ಹಿಂದಿನಿಂದ ಅವನ ಭುಜ ಚಿವುಟಿದೆ.

ವಿ-ಸಿಂಕ್ ಎಂದರೆ ಇಷ್ಟೇ. ಸಾಲಾಗಿ ಬರುವ ಬಟ್ಟಲುಗಳಿಗೆ ನಾನು ಸೌಟಿನಿಂದ ಸೂಪು ಹಾಕುತ್ತಿದ್ದೇನೆ ಅನ್ನಿ. ಸುರಿಯುವಾಗಲೇ ಬಟ್ಟಲು ಮುಂದೆ ಸರಿದರೆ ಅರ್ಧ ಇದರಲ್ಲಿ, ಅರ್ಧ ಅದರಲ್ಲಿ. ಪರದೆಯ ಮೇಲೂ ಚಿತ್ರ ಹಾಗೇ ಸೀಳಿಕೊಂಡು ಕಾಣುತ್ತದೆ. ವಿ-ಸಿಂಕ್ ಹಾಕಿದರೆ ಬಟ್ಟಲು ಬಂದು ನಿಲ್ಲುವವರೆಗೆ ಸೌಟು ಕಾಯುತ್ತದೆ. ಒಂದು ಹನಿಯೂ ಚೆಲ್ಲುವುದಿಲ್ಲ, ನೋಡುವುದಕ್ಕೆ ಚೆಂದ. ಆದರೆ ಹಸಿದವನು ಕಾಯಬೇಕು. ಗುಂಡು ಹಾರಿಸುವವನಿಗೆ ಆ ಕಾಯುವಿಕೆಯೇ ಸಾವು.

ಪರದೆ ಬೆಳಗಿತು. ಹುಲ್ಲಿನ ಎಸಳೆಸಳೂ ಗಾಳಿಗೆ ತೂಗುತ್ತಿತ್ತು. ನೀರಿನಲ್ಲಿ ಮೋಡ ಕಾಣುತ್ತಿತ್ತು. ನೆರೆದ ಹೆಂಗಸರೆಲ್ಲ "ಅಬ್ಬಾ!" ಅಂದರು. ಗ್ರಿಮಾಲ್ದೊನ ಕಣ್ಣು ತುಂಬಿ ಬಂತು.

ನಮ್ಮ ತಂಡದ ಉಳಿದ ಮೂವರು ಬೇಕರಿಯ ಅಣ್ಣತಮ್ಮಂದಿರು. ಅವರಲ್ಲಿ ಹಿರಿಯ ಎವರಿಸ್ತೊ ಪರದೆಯ ಮೂಲೆಯ ಅಂಕಿ ನೋಡಿ ಹುಬ್ಬು ಗಂಟಿಕ್ಕಿದ. "ಅರವತ್ತೇನಾ ಲಾರ್ಗೊ?"

"ಮನುಷ್ಯರ ಕಣ್ಣಿಗೆ ಅಷ್ಟೇ ಕಣಪ್ಪಾ ಕಾಣೋದು. ಮಿಕ್ಕಿದ್ದೆಲ್ಲಾ ಅಂಗಡಿಯೋರ ಡೌಲು" ಎಂದ ನನ್ನ ಗಂಡ, ನಾಚಿಕೆಯಿಲ್ಲದೆ.

ಗ್ರಿಮಾಲ್ದೊ ಅವನನ್ನು ಅಪ್ಪಿಕೊಂಡ. "ಪದ್ರೀನೊ ಇಟ್ಟಿದ್ದನ್ನ ಈ ಮನೇಲಿ ಯಾರೂ ಮುಟ್ಟೋ ಹಾಗಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅವನು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು.

ದಾರಿಯಲ್ಲೇ ಎಲ್ಮೆರ್‌ನ ಗ್ರಹಚಾರ ಬಿಡಿಸಿದೆ. "ನಿನ್ ಮಗಳನ್ನ ಎತ್ಕೊಂಡಿದ್ ಕೈ ಕಣೋ ಅವನದು! ಅವನಿಗೇ ಹಿಂಗ್ ಮಾಡ್ತೀಯಾ?"

"ನಾನೇನ್ ವಿಷ ಹಾಕಿದ್ನಾ? ಹುಲ್ಲು ತೋರ್ಸ್ದೆ. ಎಲ್ಲಾರೂ ಖುಷಿ ಪಟ್ರು ತಾನೆ?"

"ಬೀದಿ ಬೀದಿಗಳ ಪಂದ್ಯ ಬರ್ತಿದೆ. ಅವನೂ ನಮ್ ತಂಡದೋನೇ ಅನ್ನೋದಾದ್ರೂ ನೆನಪಿದ್ಯಾ?"

"ನಾನಿದೀನಲ್ಲ ಪಂದ್ಯಕ್ಕೆ" ಎಂದು ಕುಳ್ಳ ಎದೆ ಉಬ್ಬಿಸಿದ.

ಅಲ್ಲಿಂದ ಮುಂದೆ ಅಭ್ಯಾಸದಲ್ಲಿ ಗ್ರಿಮಾಲ್ದೊ ತನ್ನ ಮನೆಯಿಂದ ಆಡತೊಡಗಿದ. ಹೊಸ ಯಂತ್ರ ಬಂದರೂ ಅವನ ಆಟ ಒಂದಿಷ್ಟೂ ಮೇಲೇಳಲಿಲ್ಲ. ಕೂದಲೆಳೆಯಲ್ಲಿ ಗುರಿ ತಪ್ಪುತ್ತಿತ್ತು. "ಕ್ಷಮ್ಸು ಕೊಂಪಾ, ತಡ ಆಯ್ತು" ಎಂದು ಅವನ ದನಿ ಹೆಡ್‌ಫೋನಿನಲ್ಲಿ ಬಂದಾಗಲೆಲ್ಲ ಎಲ್ಮೆರ್ ಮೂರನೆಯ ಕಂಪ್ಯೂಟರಿನ ಮುಂದೆ ಶಿಳ್ಳೆ ಹೊಡೆಯುತ್ತಿದ್ದ. ನೀಲ್ದಾ ಮಾತ್ರ ಮಾರುಕಟ್ಟೆಯಲ್ಲಿ ಸಿಕ್ಕಾಗ ನನ್ನ ಮುಖವನ್ನು ವಿಚಿತ್ರವಾಗಿ ನೋಡುತ್ತಿದ್ದಳು. ಹೇಳಿಬಿಡೋಣ ಎಂದು ಎಷ್ಟೋ ಸಲ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಗಂಡನ ಮಾನ ಹರಾಜು, ಹಾಗಾಗಿ ಟೊಮೆಟೊ ಆರಿಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ.

ಪಂದ್ಯ ನಡೆದದ್ದು ಬಡಾವಣೆಯ ಸಮುದಾಯ ಭವನದಲ್ಲಿ. ಅವರವರ ಯಂತ್ರ ಅವರವರೇ ತರಬೇಕು. ಕಬೀನಾದ ಮೂರನೆಯ ಕಂಪ್ಯೂಟರಿನ ಜೊತೆ ಕಂಬಳಿ ಸುತ್ತಿಕೊಂಡ ಪಲೋಮಾ ಎಲ್ಮೆರ್‌ನ ಮೋಟೋಟ್ಯಾಕ್ಸಿಯಲ್ಲೇ ಬಂದಳು. ಗುಂಡಿ ಸಿಕ್ಕಲ್ಲೆಲ್ಲ ನನ್ನ ಗಂಡ ಗಾಡಿ ನಿಧಾನ ಮಾಡಿದ್ದನ್ನೂ ಹೇಳಬೇಕು. ಪಾಪಿಯಾದರೂ ಪದ್ರೀನೊ.

ಕೊನೆಯ ಆಟ ಹೆದ್ದಾರಿಯ ಹನ್ನೊಂದನೇ ಕಿಲೋಮೀಟರಿನ ಬಳಿಯ ಬೀದಿಯವರ ಜೊತೆ. ಅವರೆಲ್ಲರದೂ ಹೊಸ ಯಂತ್ರ. ಎಲ್ಮೆರ್ ಮೂಲೆಯಲ್ಲಿ ಕಾದು ಕೂತರೆ ಅವರು ಇಣುಕುವುದು ಇವನ ಪರದೆಗೆ ಬರುವ ಹೊತ್ತಿಗೆ ಇವನ ತಲೆಯೇ ಹಾರಿರುತ್ತಿತ್ತು. ಮತ್ತೆ ಮತ್ತೆ ಹಾಗೇ ಆಯಿತು. ಹಿಂದೆ ನಿಂತ ನಮ್ಮ ಬೀದಿಯವರು ಮೊದಲು ಕೂಗಿದರು, ಆಮೇಲೆ ಗೊಣಗಿದರು, ಕೊನೆಗೆ ಸುಮ್ಮನಾದರು. ಆ ಮೌನ ಇವನ ಕಿವಿಗೆ ಹೇಗೆ ಕೇಳಿಸಿರಬೇಕೆಂದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಅರ್ಧ ಆಟ ಮುಗಿದು ಬಿಡುವು ಕೊಟ್ಟರು. ನಾವು ತುಂಬ ಹಿಂದಿದ್ದೆವು. ಎಲ್ಲರೂ ಸೋಡಾ ಕುಡಿಯಲು ಹೊರಗೆ ಹೋದರು. ಎಲ್ಮೆರ್ ಮಾತ್ರ ಏಳಲಿಲ್ಲ. ಮುಖ ಬಿಳಿಚಿತ್ತು.

"ಸೊರಾಯಿದಾ, ಬಾಗ್ಲ ಹತ್ರ ನಿಂತ್ಕೋ" ಅಂದ. "ಯಾರಾದ್ರೂ ಬಂದ್ರೆ ಕೆಮ್ಮು. ಅವನದನ್ನ ಸರಿ ಮಾಡ್ಬಿಡ್ತೀನಿ."

"ಸರಿ ಮಾಡಿದ್ರೆ ಬಂದೂಕು ಅವನ ಕೈಗೆ ಹೋಗುತ್ತೆ."

"ಗೊತ್ತು ಮಾರಾಯ್ತಿ, ಗೊತ್ತು! ಬೀದಿ ಮುಂದೆ ಸೋಲೋದು ಅದಕ್ಕಿಂತ ಕಷ್ಟ."

ಕಳ್ಳನ ಹಾಗೆ ಪಲೋಮಾಳ ಮುಂದೆ ಕುಳಿತು ಸೆಟ್ಟಿಂಗ್ ತೆರೆದ. ಆಮೇಲೆ ಅಲ್ಲಾಡಲೇ ಇಲ್ಲ. ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ. ವೇಗ ನೂರನಲವತ್ತನಾಲ್ಕು. ವಿ-ಸಿಂಕ್ ಇಲ್ಲ. ಹುಲ್ಲಿಲ್ಲ, ನೆರಳಿಲ್ಲ, ನೀರಿನಲ್ಲಿ ಮೋಡವಿಲ್ಲ. ಎಲ್ಲವೂ ಇರಬೇಕಾದ ಹಾಗೇ ಇತ್ತು.

ಕೆಮ್ಮಬೇಕೆಂಬುದು ನನಗೆ ಮರೆತೇ ಹೋಗಿತ್ತು. ಗ್ರಿಮಾಲ್ದೊ ಕೈಯಲ್ಲಿ ಹಳದಿ ಸೋಡಾದ ಎರಡು ಲೋಟ ಹಿಡಿದು ಹಿಂದೆಯೇ ನಿಂತಿದ್ದ. ಒಂದು ಎಲ್ಮೆರ್‌ಗೆಂದೇ ತಂದದ್ದು.

"ಯಾವಾಗ ಬದಲಾಯಿಸ್ದೆ?" ಎಲ್ಮೆರ್ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ.

"ಹೆಸರಿಟ್ಟ ದಿನಾನೇ. ಜನ ಹೋದ್ಮೇಲೆ ನೀಲ್ದಾ ನೋಡಿದ್ಲು, ಸರಿ ಮಾಡೋದು ನಂಗೂ ಹೇಳ್ಕೊಟ್ಲು. ಕೊಂಪಾ ಮರೆತಿದಾನೆ ಅಂದ್ಲು." ಗ್ರಿಮಾಲ್ದೊ ಕಿವಿ ಕೆರೆದುಕೊಂಡ. "ಮರ್ತಿದ್ದೇ ಇರ್ಬೇಕು ಅಂದೆ ನಾನೂ."

"ಹಂಗಾದ್ರೆ ಇಷ್ಟು ದಿನ ಗುರಿ ತಪ್ತಿದ್ಯಲ್ಲ! ತಡ ಆಯ್ತು, ತಡ ಆಯ್ತು ಅಂತಿದ್ಯಲ್ಲ!"

ಗ್ರಿಮಾಲ್ದೊ ಒಂದು ಲೋಟವನ್ನು ಅವನ ಪಕ್ಕ ಇಟ್ಟ. "ಒಂದ್ ಬೀದಿಗೆ ಇಬ್ರು ಲಾರ್ಗೊ ಯಾಕೆ ಕೊಂಪಾ?" ಅಂದ.

ಅವನು ಬೈದಿದ್ದರೆ, ಕೆನ್ನೆಗೆ ಒಂದು ಬಿಟ್ಟಿದ್ದರೆ ನನ್ನ ಗಂಡ ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಅವನ ಕಿವಿ, ಕತ್ತು ಎಲ್ಲ ಕೆಂಪಾದವು. ಸೋಡಾ ಮುಟ್ಟಲಿಲ್ಲ. ಎದ್ದು ತನ್ನ ಜಾಗಕ್ಕೆ ಹೋಗುತ್ತ, "ಬಂದೂಕು ನೀನೇ ತಗೋ" ಎಂದ. ಹಲ್ಲು ಕಚ್ಚಿಕೊಂಡೇ ಅಂದ.

ಆಮೇಲಿನದನ್ನು ನಮ್ಮ ಬೀದಿಯವರು ಇವತ್ತಿಗೂ ಬಾಯಿ ತುಂಬ ಹೇಳುತ್ತಾರೆ. ಗ್ರಿಮಾಲ್ದೊ ಒಂದೂ ತಪ್ಪಿಸಲಿಲ್ಲ. ಎದುರಾಳಿಗಳು ಇಣುಕುವುದನ್ನೇ ನಿಲ್ಲಿಸಿದರು. ನಾವು ಗೆದ್ದೆವು. ಬೇಕರಿಯ ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತರು, ಅವನ ತಲೆ ಭವನದ ಟ್ಯೂಬ್‌ಲೈಟಿಗೆ ತಾಗಿತು, ಎಲ್ಲರೂ "ಲಾರ್ಗೊ! ಲಾರ್ಗೊ!" ಎಂದು ಕೂಗಿದರು. ಆ ಹೆಸರು ಅಷ್ಟು ಎತ್ತರದ ಮನುಷ್ಯನಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆಂದು ಎಲ್ಲರಿಗೂ ಆಗಲೇ ಹೊಳೆದಂತಿತ್ತು. ಕೂಗು ಕೇಳಿದಾಗ ಅಭ್ಯಾಸಬಲದಿಂದ ಎಲ್ಮೆರ್ ತಿರುಗಿ ನೋಡಿದ. ನಾನು ಬೇರೆ ಕಡೆ ನೋಡಿದೆ.

ಚೀಟಿಯ ಕೊನೆಯ ಸರದಿ ನಮ್ಮದಾಯಿತು. ಗ್ರಿಮಾಲ್ದೊ ಕೊಂಡ ಅಂಗಡಿಯಲ್ಲೇ, ಅಂಥದೇ ಮಾನಿಟರು, ಅಂಥದೇ ಯಂತ್ರ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂಥದ್ದನ್ನು ಎಲ್ಮೆರ್ ತಂದ. ಪದ್ರೀನೊ ಯಾರು ಎಂದು ಕೇಳಿದೆ.

"ಇನ್ಯಾರು? ಅವನೇ ಬರ್ಲಿ" ಅಂದ. ಅವನ ಕಣ್ಣಿನಲ್ಲಿ ಏನೋ ಮಿನುಗಿತು, ಪಂದ್ಯದ ದಿನದಿಂದ ಕಾಣದಿದ್ದ ಮಿನುಗು.

ಗ್ರಿಮಾಲ್ದೊ ಬಂದ. ಬಾಟಲಿ ಒಡೆದ. ಹೆಸರು ಯೋಚಿಸಿಕೊಂಡು ಬಂದಿರಲಿಲ್ಲ, "ಪಲೋಮಾಳ ತಂಗಿ" ಎಂದುಬಿಟ್ಟ. ಎಲ್ಲರೂ ನಕ್ಕರು. ಆಮೇಲೆ ಕುಳಿತು ಸೆಟ್ಟಿಂಗ್ ತೆರೆದ. ಎಲ್ಮೆರ್ ಅವನ ಬೆನ್ನಿಗೆ ಬೆಕ್ಕಿನ ಹಾಗೆ ನಿಂತಿದ್ದ. ಆ ದೊಡ್ಡ ಬೆರಳಿನ ಒಂದೊಂದು ಚಲನೆಯನ್ನೂ ರೆಪ್ಪೆ ಬಡಿಯದೆ ನೋಡುತ್ತಿದ್ದ. ಅವನ ತುಟಿ ಅಲುಗುವುದು ಕಂಡು, ಗ್ರಿಮಾಲ್ದೊ ಎಲ್ಲಿ ಮುಯ್ಯಿ ತೀರಿಸಿಕೊಳ್ಳುತ್ತಾನೋ ಎಂದು ಹೆದರಿದ್ದಾನೆ ಅಂದುಕೊಂಡೆ. ಮಾನಿಟರಿನ ವೇಗ ನೂರನಲವತ್ತನಾಲ್ಕಕ್ಕೆ ಏರಿತು. ವಿ-ಸಿಂಕ್ ಹೋಯಿತು. ನೆರಳು ಇಳಿಯಿತು, ಹುಲ್ಲು ಮಾಯವಾಯಿತು. ಗ್ರಿಮಾಲ್ದೊ ಎಲ್ಲವನ್ನೂ ಎರಡನೇ ಸಲ ಪರೀಕ್ಷಿಸಿ, "ನೋಡು ಕೊಂಪಾ, ಸರಿ ಇದ್ಯಾ?" ಎಂದು ಎದ್ದು ಜಾಗ ಬಿಟ್ಟ.

ಎಲ್ಮೆರ್ ಕುಳಿತ. ಎಲ್ಲಾ ಸರಿಯಿತ್ತು. ಹೆಂಗಸರು ಚಪ್ಪಾಳೆ ತಟ್ಟಿದರು. ಅವನು ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದು ತನ್ನ ಕಡೆ ಬಗ್ಗಿಸಿಕೊಂಡ.

"ಒಂದಾದ್ರೂ ಕೆಡಿಸ್ಬಾರ್ದಿತ್ತೇನೆ?" ಎಂದ. "ಒಂದೇ ಒಂದು ಕೆಡಿಸಿದ್ರೆ ಸಾಕಿತ್ತು. ಯಂತ್ರ ಚೀಟಿ ಎತ್ತಿ ತಂದೆ. ಅವನಂಥ ಮನಸ್ಸನ್ನ ಎಲ್ಲಿಂದ ತರ್ಲಿ ಸೊರಾಯಿದಾ?"