ಖೇತದಾನರು ನಿಲ್ಲದ ಬಾಗಿಲು

ಖೇತದಾನರು ನಿಂತದ್ದನ್ನು ಕಂಡವರು ನಮ್ಮ ಊರಿನಲ್ಲಿ ಕಡಿಮೆ. ಮಾರವಾಡದ ಈ ಹಳೆಯ ರಾಜಧಾನಿಯ ಕೋಟೆಯನ್ನು ಬಂದವರಿಗೆ ತೋರಿಸುವುದು ಅವರ ಕಸುಬು. ಆದರೆ ಕೇಸರಿ ಪೇಟ ಕಿವಿಯ ಮೇಲೆ ಜಾರಿದರೂ, ಅಂಗರಖದ ಕಸೆ ಬಿಚ್ಚಿ ಹಾರಾಡಿದರೂ ಲೆಕ್ಕಿಸದೆ, ಊರುಗೋಲಿನಿಂದ ಗಾಳಿಯನ್ನು ತಿವಿಯುತ್ತ ಅವರು ಏರುದಾರಿ ಹತ್ತುವ ಬಿರುಸಿಗೆ, ಹಿಂದೆ ಬಂದವರು ಏದುಸಿರು ಬಿಡುತ್ತ ಅರ್ಧ ಇತಿಹಾಸವನ್ನು ಕಳೆದುಕೊಳ್ಳುತ್ತಿದ್ದರು. ಚೀಟಿ ಹರಿಯುವ ಮಾಂಗೀಲಾಲ ದಿನವೂ ಕೆಣಕುತ್ತಿದ್ದ.

“ದಾನ್ ಸಾ, ಯಮ ಏನಾದ್ರೂ ಬೆನ್ನು ಹತ್ತಿದ್ದಾನಾ?”

“ಹತ್ತಲಿ ಬಿಡೋ. ಈ ಏರು ಮುಗಿಸೋಷ್ಟರಲ್ಲಿ ಅವನಿಗೇ ಉಬ್ಬಸ ಬರುತ್ತೆ.”

ಕನ್ನಡಿಮಹಲಿನಲ್ಲಿ ಒಂದು ನಿಮಿಷ, ಫಿರಂಗಿಯ ಬುರುಜಿನಲ್ಲಿ ಎರಡು. ಕೊನೆಯ ಬಾಗಿಲಿಗೆ ಬಂದರೆ ಮಾತ್ರ ಆ ನಡಿಗೆ ಓಟವಾಗುತ್ತಿತ್ತು. ಅಲ್ಲಿಯ ಗೋಡೆಯಲ್ಲಿ, ರಾಜನ ಚಿತೆಗೆ ಹೊರಟ ಹದಿಮೂರು ರಾಣಿಯರ ಅಂಗೈ ಗುರುತುಗಳು ಕಲ್ಲಿನಲ್ಲಿ ಕೊರೆದಂತೆ ಉಳಿದಿವೆ. ಅವಕ್ಕೆ ಇಂದಿಗೂ ಸಿಂಧೂರ, ಬೆಳ್ಳಿಯ ರೇಕು. ಖೇತದಾನರು ಹುಟ್ಟಿದ್ದು ಚಾರಣರ ಕುಲದಲ್ಲಿ, ಅರಸರನ್ನು ಹೊಗಳಿಯೇ ಬಾಳಿದ ಮನೆತನದಲ್ಲಿ. ಆ ರಾಣಿಯರ ಮೇಲಿನ ಪದ್ಯವನ್ನು ಕಟ್ಟಿದವರು ಅವರದೇ ಏಳನೆಯ ತಲೆಮಾರಿನ ಹಿರಿಯರು. ಗುರುತುಗಳ ಸಾಲಿನ ತುದಿಯ ಪುಟ್ಟ ಕೈಯವಳು ‘ನಗುನಗುತ ನಡೆದಳು’ ಎಂದು ಅದು ಮುಗಿಯುತ್ತದೆ. ಪ್ರಾಯದಲ್ಲಿ ಅವರು ಅಲ್ಲಿ ದನಿಯೆತ್ತಿದರೆ ಕೇಳಿದವರ ಕಣ್ಣು ತುಂಬುತ್ತಿತ್ತು, ಇವರ ಕೈ ಮೀಸೆಗೆ ಹೋಗುತ್ತಿತ್ತು.

ಒಂದು ತೀಜ್ ಹಬ್ಬದ ದಿನ ಮಗಳ ಮಗಳು ಕಿಸ್ತೂರಿಯನ್ನು ಕರೆತಂದಿದ್ದರು. ಒಂಬತ್ತು ವರ್ಷದ ಹುಡುಗಿ ಮೆಹಂದಿಯ ಅಂಗೈಯನ್ನು ಆ ಕೊನೆಯ ಗುರುತಿಗೆ ಒತ್ತಿ, “ನಾನಾಸಾ, ನೋಡಿ, ನನ್ನ ಅಳತೇನೇ,” ಎಂದಳು. ಅಜ್ಜ ಅವಳನ್ನು ಎಳೆದ ರಭಸಕ್ಕೆ ಬಳೆ ಒಡೆಯಿತು. ಅಂದು ಕಾಲಿಗೆ ಹತ್ತಿದ ಚಡಪಡಿಕೆ ಮತ್ತೆ ಇಳಿಯಲಿಲ್ಲ. ಬಾಜ್ರಾ ರೊಟ್ಟಿಯನ್ನೂ ನಿಂತುಕೊಂಡೇ ಮುರಿಯುತ್ತಿದ್ದರು.

ಕಳೆದ ಚಳಿಗಾಲದಲ್ಲಿ, ಅದೇ ಅರಸುವಂಶದ ಜಮೀನ್ದಾರರಾದ ಠಾಕೂರ ಮೋಡಸಿಂಗರು ಹೊಸ ಸೊಸೆಯನ್ನು ಆ ಬಾಗಿಲಿಗೆ ಕರೆತಂದರು. ಚಾರಣ ಪದ್ಯ ಹೇಳಬೇಕು, ಮುಗಿದಾಗ ಮದುವಣಗಿತ್ತಿ ಕೈ ಗುರುತುಗಳನ್ನು ಮುಟ್ಟಿ ನಮಸ್ಕರಿಸಬೇಕು. ಆ ವಂಶದ ಪದ್ಧತಿ ಅದು. ಒಲ್ಲೆನೆಂದ ಚಾರಣನಿಗೆ ಯಾವ ಠಾಕೂರರ ಅಂಗಳದಲ್ಲೂ ಜಾಗವಿಲ್ಲ.

“ಹೇಳಿ ಬಾರಠಜಿ, ನಿಮ್ಮ ಬಾಯಲ್ಲೇ ಕೇಳ್ಬೇಕು,” ಎಂದು ಠಾಕೂರರು ಖೇತದಾನರನ್ನು ಚಾರಣರ ಗೌರವದ ಹೆಸರಿನಿಂದ ಕರೆದರು.

ಹನ್ನೆರಡು ರಾಣಿಯರನ್ನು ಖೇತದಾನರು ನಡೆನಡೆದೇ ಮುಗಿಸಿದರು. ಹದಿಮೂರನೆಯವಳ ಮುಂದೆ ಊರುಗೋಲನ್ನು ಗೋಡೆಗೆ ಒರಗಿಸಿ ನಿಂತರು.

“ನಕ್ಕಳು ಅಂತ ನಮ್ಮೋರು ಕಟ್ಟಿದ್ರು, ಠಾಕೂರ್ ಸಾ. ಅವರು ಈ ಕೈ ಅಳೆದು ನೋಡಿರ್ಲಿಲ್ಲ. ನನ್ನ ಮೊಮ್ಮಗಳ ಕೈಯಷ್ಟಿದೆ ಇದು. ಅತ್ತಿರ್ಬೇಕು ಮಗು.”

ಠಾಕೂರರು ಚಾರಣನಿಗೆ ಹೊದಿಸಲು ತಂದ ಶಾಲನ್ನು ಹಾಗೇ ಮಡಿಸಿಕೊಂಡು ಇಳಿದುಹೋದರು. ಮುಸುಕಿನೊಳಗಿನ ಸೊಸೆ ಗೋಡೆಯನ್ನು ಮುಟ್ಟಲಿಲ್ಲ. ಆಮೇಲೆ ಯಾವ ಮದುವೆಮನೆಯಿಂದಲೂ ಖೇತದಾನರಿಗೆ ಕರೆ ಬಂದಿಲ್ಲ. ಅವರು ಈಗಲೂ ಬಿರುಸಾಗಿಯೇ ಏರುತ್ತಾರೆ, ಆದರೆ ಆ ಬಾಗಿಲಲ್ಲಿ ನಿಲ್ಲುತ್ತಾರೆ.

ಹೊಗಳುವುದಕ್ಕೆಂದೇ ಹುಟ್ಟಿದ ಕುಲದಲ್ಲೂ ತಲೆಮಾರಿಗೊಬ್ಬ ಹೀಗೆ ಹುಟ್ಟುತ್ತಾನೆ. ಪದ್ಯವೆಲ್ಲ ಬಾಯಿಗೆ ಬರುತ್ತದೆ, ಒಂದು ಸಾಲು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಸಾಲನ್ನು ಉಗುಳುವ ತನಕ ಅವನಿಗೆ ನಿಲ್ಲಲಾಗುವುದಿಲ್ಲ. ಉಗುಳಿದ ಮೇಲೆ ಅವನನ್ನು ಯಾರೂ ಕೂರು ಎನ್ನುವುದಿಲ್ಲ.