ನಾಗನ ವರ್ಷದ ಗಂಡು

"ಅಲ್ಲಿ ಬೇಡ ಅಂದೆನಲ್ಲ! ಗರುಡನ ಕೆಳಗೆ ನಿಲ್ಲಿಸ್ತೀಯಲ್ಲೋ, ನಮ್ಮ ಹುಡುಗ ನಾಗನ ವರ್ಷದವನು!"

ಹೆಣ್ಣಿನ ತಾಯಿ ಸವೋನಳ ಕೂಗಿಗೆ ಫೋಟೊದವನು ಕ್ಯಾಮೆರಾ ಇಳಿಸಿದ. ಇಲ್ಲಿ ಹುಟ್ಟಿದ ವರ್ಷಕ್ಕೊಂದು ಪ್ರಾಣಿ, ಒಟ್ಟು ಹನ್ನೆರಡು; ಗಂಡು ಹೆಣ್ಣಿನ ಪ್ರಾಣಿಗಳು ಕೂಡಿಬಂದರಷ್ಟೇ ಮದುವೆ. ಅಂಗ್‌ಕೋರ್‌ನ ಆನೆ ಜಗಲಿಯಲ್ಲಿ, ಕಲ್ಲಿನ ಪ್ರಾಣಿಗಳು ತುಂಬಿದ ಆ ಉದ್ದನೆಯ ಗೋಡೆಯ ಮುಂದೆ, ಅವಳು ಬೇಡವೆಂದ ಜಾಗಗಳಿಗೆ ಲೆಕ್ಕವೇ ಇರಲಿಲ್ಲ. ಸಿಂಹ ಬೇಡ, ಬಾಯಿ ಒಡೆದಿದೆ. ಆನೆ ಬೇಡ, ಸೊಂಡಿಲು ಮುರಿದಿದೆ. ಮದುವೆಗೆ ಮುಂಚೆ ಬಾಡಿಗೆಯ ಜರಿ ಉಟ್ಟು ಇಲ್ಲಿ ಫೋಟೊ ತೆಗೆಸಿಕೊಳ್ಳದ ಜೋಡಿ ಈ ಊರಲ್ಲಿಲ್ಲ. ಆದರೆ ಇಂಥ ತಾಯಿಯನ್ನು ಬೆನ್ನಿಗೆ ಕಟ್ಟಿಕೊಂಡು ಬರುವ ಕರ್ಮ ಎಲ್ಲರಿಗೂ ಇರುವುದಿಲ್ಲ.

"ಕಲ್ಲು ಕಣಮ್ಮಾ ಅದು! ಮುಖದ ಬಣ್ಣವೆಲ್ಲ ಇಳೀತಿದೆ ನಂದು," ಎಂದಳು ಮಗಳು ಮಾಲಿಸ್.

"ಇಳೀಲಿ. ಹುಲಿ ವರ್ಷದ ಗಂಡನ್ನ ವಾಪಸ್ ಕಳಿಸಿದ್ದು ಮರೆತೆಯಾ? ಕೂಡಿಬರದಿದ್ರೆ ಇವನನ್ನೂ ಕಳಿಸ್ತೀನಿ."

ಅದು ಬರೀ ಬೆದರಿಕೆಯಲ್ಲ ಎಂದು ಮಾಲಿಸಳಿಗೂ ಗೊತ್ತಿತ್ತು, ಮದುವೆ ಗಂಡು ವಿಸಾಲನಿಗೂ ಗೊತ್ತಿತ್ತು. ಅವನು ಬೆಳಗಿನಿಂದ ಅವಳು ತೋರಿಸಿದಲ್ಲೆಲ್ಲ ಹೋಗಿ ನಿಂತಿದ್ದ. ತಾಳ್ಮೆಗೂ ಒಂದು ಮಿತಿ ಬೇಡವೇ? ಗಿಲೀಟಿನ ಸೊಂಟಪಟ್ಟಿ ಬಿಚ್ಚಿ ಕಲ್ಲಿನ ಮೇಲೆ ಕುಕ್ಕಿದ.

"ಅತ್ತೆ, ನಾನು ಯಾವ ವರ್ಷದವನೂ ಅಲ್ಲ. ಯಾರೋ ವಿಹಾರದಲ್ಲಿ ಬಿಟ್ಟುಹೋದಾಗ ನಂಗೆ ಎರಡು ವರ್ಷವೋ ಮೂರೋ, ಭಿಕ್ಕುಗಳಿಗೂ ಗೊತ್ತಿಲ್ಲ. ಜಾತಕ ನೋಡೋ ಆಚಾರ್ಯರು ಕೇಳಿದಾಗ ಹೆದರಿ ನಾಗ ಅಂದ್ಬಿಟ್ಟೆ. ಈಗ ಏನು ಬೇಕೋ ಮಾಡಿ."

ಮಾಲಿಸ್ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ಮುಗಿಯಿತು, ಎಲ್ಲ ಮುಗಿಯಿತು.

ಸವೋನ್ ಪಟ್ಟಿಯನ್ನೆತ್ತಿ ಸೆರಗಿಲ್ಲದ ರವಿಕೆಗೇ ಒರೆಸಿದಳು. "ಇಷ್ಟು ದಿನ ಬಾಯಲ್ಲಿ ಕಡುಬು ಇಟ್ಕೊಂಡಿದ್ದೆಯಾ?" ಎಂದು ಗದರುತ್ತ ಅವನ ಸೊಂಟಕ್ಕೆ ಬಿಗಿದಳು. ಬಿಗಿಯುತ್ತಲೇ ಹೇಳಿದಳು: "ಪೊಲ್ ಪಾಟ್ ಜನರನ್ನ ಕೊಲ್ಲಿಸಿದ ಕಾಲದಲ್ಲಿ ನಾನೂ ಕೂಸು. ನಾನು ಇಂಥ ದಿನ ಹುಟ್ಟಿದೆ ಅಂತ ಹೇಳೋಕೆ ನಮ್ಮ ಮನೇಲಿ ಒಬ್ಬರೂ ಉಳೀಲಿಲ್ಲ. ಮದುವೆ ಹೊತ್ತಿಗೆ ಮೊಲದ ವರ್ಷ ಅಂದೆ. ಮೊಲ ಮುದ್ದಾಗಿರುತ್ತೆ, ಅದಕ್ಕೆ."

"ಅಮ್ಮಾ! ನೀನು ಮೊಲ ಅಲ್ವಾ?"

"ಬಾಯ್ಮುಚ್ಚೆ." ಅವಳು ವಿಸಾಲನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. "ನೋಡ್ತಾ ನಿಂತ್ರೆ ಆಯ್ತಾ? ಗೋಡೆ ತುಂಬ ಪ್ರಾಣಿಗಳಿವೆ, ಹೋಗಿ ಆರಿಸ್ಕೊ. ಇವಳು ಆಡಿನ ವರ್ಷದವಳು, ಎತ್ತು ಮಾತ್ರ ಆಗಿಬರಲ್ಲ."

ವಿಸಾಲ್ ಗೋಡೆಯುದ್ದಕ್ಕೂ ನಡೆದ. ಅವಸರ ಮಾಡಲಿಲ್ಲ. ಕಲ್ಲಿನ ಕುದುರೆಯೊಂದರ ಮುಂದೆ ನಿಂತು ಅದರ ಕುತ್ತಿಗೆಯ ಮೇಲೆ ಕೈಯಿಟ್ಟ. ಏನೋ ಅಂದ.

"ಕೇಳಿಸ್ಲಿಲ್ಲ!" ಎಂದು ಅತ್ತೆ ಕೂಗಿದಳು.

"ಕುದುರೆ ವರ್ಷ!"

ಜಗಲಿಯ ಮೇಲಿದ್ದವರೆಲ್ಲ ತಿರುಗಿ ನೋಡಿದರು.